ಮೂರೆಲೆಯ ಆಟ

ಇಸ್ಪೀಟಿನ ಆಟವೊಂದನ್ನು ಬಾನುಲಿಯಲ್ಲಿ ಕಲಿಸಲು ಹೊರಟವನ ಪಾಡು ನಗೆಪಾಟಲಿನದು. ಎಲೆಗಳು ನನ್ನ ಮುಂದೆ ಮೇಜಿನ ಮೇಲಿವೆ; ಕೇಳುತ್ತಿರುವ ತಮಗೆ ಅವು ಕಾಣುವಂತಿಲ್ಲ. ಆದರೆ ನಾನು ಆರಿಸಿಕೊಂಡಿರುವ ಆಟದಲ್ಲಿ ಇದು ಅಂಥ ದೊಡ್ಡ ಕೊರತೆಯೇನಲ್ಲ. ಮೂರೆಲೆಯ ಆಟದಲ್ಲಿ ಎಲೆ ಕಾಣದೆ ಆಡುವವನಿಗೇ ಹೆಚ್ಚಿನ ಸವಲತ್ತುಗಳಿವೆ. ಅವು ಎಂಥವು ಎಂಬುದನ್ನು ನಾನು ಕಲಿತದ್ದು ಹನ್ನೆರಡನೆಯ ವಯಸ್ಸಿನಲ್ಲಿ, ಸೂಡಿಯಲ್ಲಿ, 1967ರ ದೀಪಾವಳಿಯ ಪಾಡ್ಯದ ರಾತ್ರಿ. ಮೊದಲು ಆಟವನ್ನು ಹೇಳಿ, ಆಮೇಲೆ ಆ ರಾತ್ರಿಯ ಸಂಗತಿಗೆ ಬರುತ್ತೇನೆ. ಆಟ ತಿಳಿಯದೆ ಆ ರಾತ್ರಿ ತಿಳಿಯುವುದಿಲ್ಲ.

ಸೂಡಿಯೆಂದರೆ ರೋಣ–ಗಜೇಂದ್ರಗಡದ ಸೀಮೆಯ ಒಂದು ಹಳ್ಳಿ. ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. 1997ರಲ್ಲಿ ಗದಗ ಜಿಲ್ಲೆ ಬೇರೆಯಾದಾಗ ಅದರ ಪಾಲಿಗೆ ಬಂತು. ಎರಡು ಶಿಖರಗಳ ಜೋಡುಕಳಸದ ಗುಡಿಯನ್ನೂ ಕೆತ್ತನೆಯ ಕಲ್ಲಿನ ಬಾವಿಯನ್ನೂ ನೋಡಲು ಹೋದವರು ಊರನ್ನು ಬಲ್ಲರು. ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದ ಚಾಲುಕ್ಯರ ಅಕ್ಕಾದೇವಿಯ ಹೆಸರು ಈ ಊರಿನೊಡನೆ ಹೆಣೆದುಕೊಂಡಿದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ನಾಣ್ಯ ಅಚ್ಚಾಗುತ್ತಿತ್ತು. ನನ್ನ ಬಾಲ್ಯದಲ್ಲಂತೂ ಊರಿನಲ್ಲಿ ನಾಣ್ಯದ ಸದ್ದು ಗಟ್ಟಿಯಾಗಿ ಕೇಳುತ್ತಿದ್ದುದು ವರ್ಷಕ್ಕೊಮ್ಮೆ, ದೀಪಾವಳಿಯ ಎರಡು ಮೂರು ರಾತ್ರಿ, ಪಡಸಾಲೆಯ ಕಂಬಳಿಯ ಮೇಲೆ. ಉಳಿದ ದಿನಗಳಲ್ಲಿ ಎಲೆ ಮುಟ್ಟಿದರೆ ಬೈಯುತ್ತಿದ್ದ ಹಿರಿಯರೇ ಆ ರಾತ್ರಿಗಳಲ್ಲಿ ಗೋಡೆಗೆ ಒರಗಿ ಕುಳಿತು ಆಟ ನೋಡುತ್ತಿದ್ದರು.

ಇಸ್ಪೀಟಿನ ಕಟ್ಟಿನಲ್ಲಿ 52 ಎಲೆ, ಇಸ್ಪೀಟು, ಆಟೀನು, ಡೈಮನ್, ಕ್ಲಾವರ್ ಎಂದು ನಾಲ್ಕು ಬಣ್ಣ, ಒಂದೊಂದರಲ್ಲಿ ಹದಿಮೂರು. ಎಕ್ಕ ಎಲ್ಲಕ್ಕೂ ಮೇಲು. ಅದರ ಕೆಳಗೆ ರಾಜ, ರಾಣಿ, ಗುಲಾಮ, ಆಮೇಲೆ ಹತ್ತರಿಂದ ಎರಡರವರೆಗೆ. ರಾಜನ ಮೇಲೆ ಎಕ್ಕ ಕುಳಿತಿರುವುದನ್ನು ಕಂಡು ನಮ್ಮ ಊರಿನ ಹಿರಿಯರೊಬ್ಬರು ಇದು ಹೊಲದ ಒಡೆಯರಿಗೆ ಹಿಡಿಸದ ಆಟವೆನ್ನುತ್ತಿದ್ದರು. ಎಲೆಯಾಟವೇ ಕೀಳೆಂದು ಬಗೆಯುವವರಿಗೆ ಒಂದು ಮಾತು: ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ದೇವತೆಗಳ ಧ್ಯಾನಸ್ವರೂಪಗಳ ಜೊತೆಗೇ ಎಲೆಯಾಟಗಳಿಗೂ ಸ್ಥಾನ ಕೊಟ್ಟರು. ಆದರೆ ಅವು ಕೈಯಿಂದ ಚಿತ್ರ ಬರೆದ ಗಂಜೀಫಾದ ದುಂಡೆಲೆಗಳು. ನಮ್ಮ ಮೂರೆಲೆಯ ಆಟದ ವಂಶ ಬೇರೆ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ‘ಬ್ರ್ಯಾಗ್’ ಎಂಬ ಮೂರೆಲೆಯ ಆಟ ನಡೆಯುತ್ತಿತ್ತು. ಆ ಮಾತಿನ ಅರ್ಥ ಬಡಾಯಿ. ಅದರ ಬಳಗದ್ದೇ ನಮ್ಮಲ್ಲಿ ತೀನ್‌ಪತ್ತಿ, ಫ್ಲಶ್, ಮೂರೆಲೆ ಎಂಬ ಹೆಸರುಗಳಿಂದ ನೆಲೆಸಿರುವ ಆಟ. ಐದೆಲೆಯ ಪೋಕರಿಗೆ ಇದು ದಾಯಾದಿ.

ಒಬ್ಬೊಬ್ಬನಿಗೆ ಮೂರೇ ಎಲೆ. ಎಲೆ ಬದಲಾಯಿಸುವಂತಿಲ್ಲ, ಹೊಸತನ್ನು ಎಳೆಯುವಂತಿಲ್ಲ. ಬಂದುದು ಬಂತು. ಹಾಗೆ ಬಂದ ಮೂರು ಎಲೆಗಳಿಗೆ ಆರು ಅಂತಸ್ತುಗಳುಂಟು. ಎಲ್ಲಕ್ಕೂ ಮೇಲಿನದು ಒಂದೇ ಬೆಲೆಯ ಮೂರು ಎಲೆ, ಮೂರು ರಾಜ, ಮೂರು ಏಳು, ಹೀಗೆ. ಇದನ್ನು ಟ್ರಯಲ್ ಎನ್ನುತ್ತಾರೆ. ಅದರ ಕೆಳಗೆ ಒಂದೇ ಬಣ್ಣದ ಮೂರು ಸಾಲೆಲೆ: ಆಟೀನಿನ ನಾಲ್ಕು, ಐದು, ಆರು ಇದ್ದ ಹಾಗೆ. ಮೂರನೆಯದು ಬಣ್ಣ ಬೆರೆತ ಸಾಲು. ನಾಲ್ಕನೆಯದು ಸಾಲಲ್ಲದ, ಆದರೆ ಒಂದೇ ಬಣ್ಣದ ಮೂರು ಎಲೆ, ಅಂದರೆ ಕಲರ್. ಐದನೆಯದು ಜೋಡಿ. ಇದಾವುದೂ ಇಲ್ಲದಿದ್ದರೆ ಕೈಯಲ್ಲಿರುವ ದೊಡ್ಡ ಎಲೆಯೇ ಗತಿ. ಒಂದೇ ಅಂತಸ್ತಿನ ಎರಡು ಕೈಗಳು ಎದುರಾದರೆ ಮೊದಲು ದೊಡ್ಡ ಎಲೆಗಳನ್ನು ಹೋಲಿಸಬೇಕು, ಅವು ಸಮವಾದರೆ ನಡುವಿನವನ್ನು, ಆಮೇಲೆ ಚಿಕ್ಕವನ್ನು. ಜೋಡಿಗೆ ಜೋಡಿ ಬಂದರೆ ಮೊದಲು ಜೋಡಿಯ ಬೆಲೆ. ಸಾಲುಗಳಲ್ಲಿ ಎಕ್ಕ–ರಾಜ–ರಾಣಿ ದೊಡ್ಡದೋ ಎಕ್ಕ–ಎರಡು–ಮೂರು ದೊಡ್ಡದೋ ಎಂಬುದರಲ್ಲಿ ಮನೆಗೊಂದು ಶಾಸ್ತ್ರ. ಕೂಡುವ ಮೊದಲೇ ಬಾಯಿಬಿಟ್ಟು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಜಗಳದ ಅರ್ಧ ಬೇರು ಅಲ್ಲಿದೆ.

ಕಾಗದ, ಪೆನ್ಸಿಲು ಹತ್ತಿರವಿದ್ದರೆ ಒಂದಿಷ್ಟು ಲೆಕ್ಕ. ಮುಂದೆ ಬರುವ ಸಂಗತಿಗೆ ಇದು ಬೇಕಾಗುತ್ತದೆ. 52 ಎಲೆಗಳಿಂದ ಮೂರು ಮೂರರಂತೆ ಆರಿಸಿದರೆ ಒಟ್ಟು 22,100 ಬಗೆಯ ಕೈಗಳು ಸಾಧ್ಯ. ಅವುಗಳಲ್ಲಿ ಏನೂ ಇಲ್ಲದ ಕೈಗಳೇ 16,440. ಎಂದರೆ ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು. ಜೋಡಿ 3,744. ಕಲರ್ 1,096. ಬಣ್ಣ ಬೆರೆತ ಸಾಲು 720. ಒಂದೇ ಬಣ್ಣದ ಸಾಲು 48. ಟ್ರಯಲ್ 52.

ಕೊನೆಯ ಎರಡು ಅಂಕಿಗಳನ್ನು ತಾವು ಗಮನಿಸಿದಿರೋ ಇಲ್ಲವೋ! ಅಪೂರ್ವವಾದುದಕ್ಕೆ ಹೆಚ್ಚಿನ ಮರ್ಯಾದೆ ಎಂಬುದು ಈ ಶ್ರೇಣಿಯ ತತ್ತ್ವ. ಆ ತತ್ತ್ವದಂತೆ ಒಂದೇ ಬಣ್ಣದ ಸಾಲು ಎಲ್ಲಕ್ಕೂ ಮೇಲೆ ಕೂಡಬೇಕಾಗಿತ್ತು. ಟ್ರಯಲ್ 425 ಕೈಗಳಿಗೆ ಒಂದು ಬಂದರೆ ಅದು ಬರುವುದು ಸುಮಾರು 460ಕ್ಕೆ ಒಂದು. ಆದರೂ ಮೂರು ಎಕ್ಕಗಳನ್ನು ಒಟ್ಟಿಗೆ ಕಂಡಾಗ ಆಗುವ ರೋಮಾಂಚಕ್ಕೆ ಗಣಿತ ಸೋತಿದೆ. ಉಳಿದೆಡೆ ಆಟಗಾರರ ಅನುಭವ ಗಣಿತದೊಡನೆ ಸರಿಹೋಗುತ್ತದೆ. ಐದೆಲೆಯ ಪೋಕರಿನಲ್ಲಿ ಕಲರ್ ಸಾಲಿಗಿಂತ ಮೇಲು; ಅಲ್ಲಿ ಸಾಲುಗಳು 10,200, ಕಲರುಗಳು 5,108. ಮೂರೇ ಎಲೆಗಳಾದಾಗ ಈ ಸಂಬಂಧ ತಲೆಕೆಳಗಾಗುತ್ತದೆ. ಮೂರು ಎಲೆಗಳಲ್ಲಿ ಒಂದೇ ಬಣ್ಣ ಕೂಡಿಬರುವುದು ಸುಲಭ, ಐದರಲ್ಲಿ ಕಷ್ಟ. ಸಂಭವಗಣಿತದ ಪುಸ್ತಕ ಕಣ್ಣಿಂದ ನೋಡದವರೂ ನಮ್ಮ ಪಡಸಾಲೆಗಳಲ್ಲಿ ಸಾಲನ್ನು ಕಲರಿನ ಮೇಲೆಯೇ ಇಟ್ಟು ಆಡಿದರು.

ಇನ್ನು ಆಡುವ ರೀತಿ. ಮೂವರಿಂದ ಆರು ಮಂದಿಯವರೆಗೆ ಕುಳಿತರೆ ಆಟ ರುಚಿಸುತ್ತದೆ. ಎಲೆ ಹಂಚುವ ಮೊದಲು ಎಲ್ಲರೂ ಸಮನಾದ ಒಂದು ಚಿಕ್ಕ ಮೊತ್ತವನ್ನು ನಡುವೆ ಇಡುತ್ತಾರೆ; ಇದು ಬೂಟು. ಆಮೇಲೆ ಮೂರು ಮೂರು ಎಲೆಗಳನ್ನು ಬೋರಲಾಗಿ ಹಂಚುತ್ತಾರೆ. ಹಂಚಿದವನ ಪಕ್ಕದವನಿಂದ ಸುತ್ತು ಮೊದಲಾಗುತ್ತದೆ. ಸರದಿ ಬಂದವನ ಮುಂದೆ ಎರಡು ದಾರಿ. ಎಲೆಗಳನ್ನು ಎತ್ತಿ ನೋಡಬಹುದು, ಇಲ್ಲವೆ ನೋಡದೆಯೇ ಹಣ ಕಟ್ಟಬಹುದು. ನೋಡದೆ ಆಡುವುದು ಬ್ಲೈಂಡ್, ನೋಡಿ ಆಡುವುದು ಚಾಲ್. ನೋಡಿದ ಎಲೆ ಹಿಡಿಸದಿದ್ದರೆ ಕೆಳಗೆಸೆದು ಆ ಸುತ್ತಿನಿಂದ ಹೊರಬೀಳಬಹುದು. ಕಟ್ಟಿದ ಹಣ ಹೋಯಿತು, ಅಷ್ಟೆ. ಇದಕ್ಕೆ ಪ್ಯಾಕ್ ಎನ್ನುತ್ತಾರೆ.

ಹಣ ಕಟ್ಟುವ ನಿಯಮವೇ ಈ ಆಟದ ಜೀವಾಳ. ಚಾಲ್ತಿಯಲ್ಲಿರುವ ಪಣ ಒಂದು ರೂಪಾಯಿ ಎಂದಿಟ್ಟುಕೊಳ್ಳಿ. ಬ್ಲೈಂಡ್ ಆಡುವವನು ಒಂದರಿಂದ ಎರಡು ರೂಪಾಯಿಯವರೆಗೆ ಕಟ್ಟಬಹುದು. ಎಲೆ ನೋಡಿದವನು ಎರಡಕ್ಕೆ ಕಡಿಮೆಯಿಲ್ಲದಂತೆ, ನಾಲ್ಕರವರೆಗೆ ಕಟ್ಟಬೇಕು. ನೋಡದವನು ಕಟ್ಟಿದ್ದೇ ಮುಂದಿನವನಿಗೆ ಪಣವಾಗುತ್ತದೆ. ನೋಡಿದವನು ಕಟ್ಟಿದರೆ ಅದರ ಅರ್ಧವನ್ನು ಪಣವೆಂದು ಎಣಿಸುತ್ತಾರೆ. ಒಟ್ಟಿನಲ್ಲಿ ನೋಡಿದವನು ನೋಡದವನ ಇಮ್ಮಡಿ ತೆರುತ್ತಲೇ ಇರಬೇಕು. ಇದರಲ್ಲಿ ನ್ಯಾಯವೂ ಇದೆ. ಕಣ್ಣಿರುವವನಿಗೆ ತೆರಿಗೆ ಹೆಚ್ಚು.

ಮೂವರೋ ಹೆಚ್ಚೋ ಉಳಿದಿರುವಾಗ, ಎಲೆ ನೋಡಿದವನು ತನಗಿಂತ ಹಿಂದಿನ ಸರದಿಯವನೂ ನೋಡಿದ್ದರೆ ಅವನೊಡನೆ ಗುಟ್ಟಾಗಿ ಎಲೆ ಹೋಲಿಸಲು ಕೇಳಬಹುದು, ಆತ ಒಲ್ಲೆನೆನ್ನಲೂಬಹುದು. ಇದು ಸೈಡ್ ಶೋ. ಇಬ್ಬರೇ ಉಳಿದಾಗ ಒಬ್ಬ ಹಣ ತೆತ್ತು ಶೋ ಕೇಳಿದರೆ ಎಲೆಗಳನ್ನು ಬಿಚ್ಚುತ್ತಾರೆ, ದೊಡ್ಡ ಕೈಗೆ ನಡುವಿನ ರಾಶಿಯೆಲ್ಲ ಸೇರುತ್ತದೆ. ಎರಡೂ ಸರಿಸಮವಾದರೆ ಶೋ ಕೇಳಿದವನು ಸೋತಂತೆ. ಇಬ್ಬರೂ ನೋಡಿದವರಾದರೆ ಯಾರು ಬೇಕಾದರೂ ಪಣದ ಇಮ್ಮಡಿ ಕೊಟ್ಟು ಶೋ ಕೇಳಬಹುದು. ಬ್ಲೈಂಡ್ ಆಡುವವನು ಬರಿಯ ಪಣ ಕೊಟ್ಟು ಕೇಳಬಹುದು. ಆದರೆ ಎಲೆ ನೋಡಿದವನು, ಎದುರಿನವನು ಬ್ಲೈಂಡ್ ಕುಳಿತಿರುವಷ್ಟು ಹೊತ್ತು, ಶೋ ಕೇಳುವಂತಿಲ್ಲ. ಕಟ್ಟುತ್ತಿರಬೇಕು, ಇಲ್ಲವೆ ಎಲೆ ಎಸೆಯಬೇಕು. ಈ ಕಟ್ಟಳೆಯನ್ನು ಸಡಿಲಿಸಿ ಆಡುವ ಮನೆಗಳುಂಟು. ಸೂಡಿಯಲ್ಲಿ ನಾವು ಆಡಿದ್ದು ಇದ್ದ ಹಾಗೆ, ಬಿಗಿಯಾಗಿ.

ನನ್ನ ಸೋದರಮಾವ ಇಡೀ ಓಣಿಯಲ್ಲಿ ಒಳ್ಳೆಯ ಆಟಗಾರನೆಂದು ಹೆಸರಾಗಿದ್ದ. ದುಡುಕುತ್ತಿರಲಿಲ್ಲ. ಕೆಟ್ಟ ಎಲೆ ಬಂದರೆ ಮರುಮಾತಿಲ್ಲದೆ ಎಸೆಯುತ್ತಿದ್ದ. ಒಂದು ರಾತ್ರಿಗೆ ಇಷ್ಟೇ ಎಂದು ಚಿಲ್ಲರೆಯನ್ನು ಅಂಗಿಯ ಎಡಜೇಬಿನಲ್ಲಿ ಬೇರೆ ಇಟ್ಟುಕೊಂಡೇ ಕೂಡುತ್ತಿದ್ದ. ನನಗೆ ಹುಣಸೆಬೀಜ ಎಣಿಸಿಕೊಟ್ಟು ಆಟ ಕಲಿಸಿದವನು ಅವನೇ. ಅವನಿಗೆ ಹತ್ತು ಎಕರೆ ಎರೆಹೊಲ, ಒಂಟಿ ಎತ್ತು. ಆ ಎತ್ತಿನ ಜೊತೆಯದು ಹಿಂದಿನ ಬೇಸಿಗೆಯಲ್ಲಿ ಸತ್ತಿತ್ತು. ಆ ವರ್ಷದ ಹೆಸರು ಮಾರಿ ಬಂದ ಹಣದಲ್ಲಿ 260 ರೂಪಾಯಿಯನ್ನು, ಹಬ್ಬ ಮುಗಿದ ಮೇಲಿನ ಸಂತೆಯಲ್ಲಿ ಎತ್ತು ಕೊಳ್ಳುವುದಕ್ಕೆಂದು, ಬಟ್ಟೆಯಲ್ಲಿ ಗಂಟುಕಟ್ಟಿ ಸೊಂಟದಲ್ಲಿ ಇಟ್ಟುಕೊಂಡಿದ್ದ. ಮನೆಯಲ್ಲಿಟ್ಟರೆ ಬೇರೆ ಖರ್ಚಿಗೆ ಹೋದೀತೆಂಬುದು ಅವನ ಹೆದರಿಕೆ.

ಪಾಡ್ಯದ ರಾತ್ರಿ ಪಡಸಾಲೆಯಲ್ಲಿ ಐವರು ಕುಳಿತಿದ್ದರು. ನಾಲ್ವರು ಊರಿನವರು, ಐದನೆಯವರು ಹಬ್ಬಕ್ಕೆ ಬೀಗರ ಮನೆಗೆ ಬಂದ ಒಬ್ಬ ವ್ಯಾಪಾರಸ್ಥರು. ಎಲೆ ಕೂಡಿಸಿ ಕಲೆಸಿಕೊಡುವ ಕೆಲಸ ನನ್ನದು. ನಡುರಾತ್ರಿಯವರೆಗೆ ನಾಲ್ಕಾಣೆ ಎಂಟಾಣೆಯಲ್ಲಿಯೇ ಆಟ ನಡೆಯಿತು. ಆಮೇಲಿನ ಒಂದು ಕೈಯಲ್ಲಿ ಮಾವ ಎಲೆ ಎತ್ತಿ ನೋಡಿ, ಮುಖ ಬದಲಾಯಿಸದೆ, ಮೊಳಕಾಲ ಕೆಳಗಿಟ್ಟುಕೊಂಡ. ಅವನ ಹಿಂದೆ ಕುಳಿತಿದ್ದ ನನಗೆ ಕಂಡವು: ಎಂಟು, ಒಂಬತ್ತು, ಹತ್ತು. ಬಣ್ಣ ಬೆರೆತ ಸಾಲು. ಮೂವರು ಎಸೆದರು. ವ್ಯಾಪಾರಸ್ಥರು ಎಲೆ ಮುಟ್ಟಲೇ ಇಲ್ಲ. ಒಂದು ರೂಪಾಯಿ ಇಟ್ಟರು, ಬ್ಲೈಂಡ್.

ಲೆಕ್ಕ ನೋಡಿ. ಅವರದು ಒಂದು, ಮಾವನದು ಎರಡು. ಅವರು ಎರಡು, ಮಾವ ನಾಲ್ಕು. ಅವರು ನಾಲ್ಕು, ಮಾವ ಎಂಟು. ಅವರು ಎಂಟು ಇಟ್ಟಾಗ ಗೋಡೆಗೆ ಒರಗಿದ್ದವರು ನೆಟ್ಟಗಾದರು. ಮಾವ ಹದಿನಾರು ಇಟ್ಟು, “ಎಲಿ ನೋಡ್ರಿ ಯಜಮಾನ್ರ” ಎಂದ. ಅವರು ನೋಡಿಬಿಟ್ಟರೆ ಶೋ ಕೇಳುವ ಹಕ್ಕು ಮಾವನಿಗೆ ಬರುತ್ತಿತ್ತು. “ನೋಡಿ ಏನ ಮಾಡ್ಲಿ, ಇದ್ದದ್ದs ಇರ್ತೈತಿ” ಎಂದು ಅವರು ನಕ್ಕು ಹದಿನಾರು ಇಟ್ಟರು. ಮಾವ ಗಂಟು ಬಿಚ್ಚಿದ. ಮೂವತ್ತೆರಡು. ಅವರದು ಮೂವತ್ತೆರಡು, ಮಾವನದು ಅರವತ್ತನಾಲ್ಕು. ಅವರದು ಅರವತ್ತನಾಲ್ಕು, ಮಾವನದು 128. ಏಳು ಸುತ್ತುಗಳಲ್ಲಿ ಅವರು 127 ರೂಪಾಯಿ ಕಟ್ಟಿದ್ದರು, ಮಾವ 254. ಎಂಟನೆಯ ಸಲ ಅವರು 128 ಇಟ್ಟರು. ಮಾವ 256 ಇಡಬೇಕಾಗಿತ್ತು. ಅವನ ಬಳಿ ಉಳಿದದ್ದು ಗಂಟಿನ ಆರು ರೂಪಾಯಿ, ಎಡಜೇಬಿನ ಚಿಲ್ಲರೆ. ಸಾಲ ಕೊಡುತ್ತೇನೆಂದು ಒಬ್ಬರು ಅಂದರು. ಮಾವ ಬೇಡವೆಂದು ಕೈಯಾಡಿಸಿ ಎಲೆಗಳನ್ನು ಬೋರಲಾಗಿ ಎಸೆದ.

ಸಾಲಿನ ಮಟ್ಟ ಮುಟ್ಟುವ ಕೈಗಳು 22,100ರಲ್ಲಿ 820 ಮಾತ್ರ. ಎಂದರೆ ಆ ಕಾಣದ ಮೂರು ಎಲೆಗಳು ಮಾವನ ಕೈಗಿಂತ ಚಿಕ್ಕವಾಗಿರುವ ಸಂಭವ ನೂರಕ್ಕೆ 96ಕ್ಕೂ ಹೆಚ್ಚು. ಮಾವನಿಗೆ ಈ ಅಂಕಿ ಗೊತ್ತಿರಲಿಲ್ಲ. ಆದರೆ ತನ್ನ ಕೈ ದೊಡ್ಡದೆಂಬುದು ಸರಿಯಾಗಿಯೇ ಗೊತ್ತಿತ್ತು. ತಾನೂ ಎಲೆ ನೋಡದೆ ಕುಳಿತಿದ್ದರೆ ಯಾವ ಸುತ್ತಿನಲ್ಲಾದರೂ ಬರಿಯ ಪಣ ಕೊಟ್ಟು ಆಟ ಮುಗಿಸಬಹುದಾಗಿತ್ತು. ನೋಡಿದ್ದರಿಂದ ತೆರಿಗೆ ಇಮ್ಮಡಿಯಾಯಿತು. ಅದಕ್ಕಿಂತ ಮಿಗಿಲಾಗಿ, ಆಟವನ್ನು ನಿಲ್ಲಿಸುವ ಅಧಿಕಾರ ಕೈಬಿಟ್ಟಿತು. ಒಳ್ಳೆಯ ಎಲೆ ಬರದೆ ಹೋಗಿದ್ದರೆ ಅವನು ಮೊದಲನೆಯ ಸುತ್ತಿನಲ್ಲಿಯೇ ನಾಲ್ಕಾಣೆಯ ಬೂಟು ಬಿಟ್ಟು ಏಳುತ್ತಿದ್ದ. ಒಳ್ಳೆಯ ಎಲೆಯೇ ಅವನನ್ನು ಅಷ್ಟು ದೂರ ಎಳೆದುಕೊಂಡು ಹೋಯಿತು.

ಅದೇ ನವೆಂಬರ್ ತಿಂಗಳ 22ರಂದು ದಿಲ್ಲಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸಿಕಂದರಾಬಾದಿನ ಒಂದು ಕ್ಲಬ್ಬಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು ಎಂಬುದನ್ನು ನಾನು ಬಹಳ ಕಾಲದ ಮೇಲೆ ಓದಿದೆ. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಹಿಡಿಯುವುದು ಬಿಡುವುದು ತಿಳಿಯಬೇಕು. ಆದುದರಿಂದ ಅದು ಮುಖ್ಯವಾಗಿ ಕುಶಲತೆಯ ಆಟ. ಫ್ಲಶ್, ಬ್ರ್ಯಾಗ್ ಮೊದಲಾದ ಹೆಸರುಗಳ ಮೂರೆಲೆಯ ಆಟವಾದರೋ ಕೇವಲ ಅದೃಷ್ಟದ್ದು. ಇದು ಆ ತೀರ್ಪಿನ ಮಾತು. ಇಂದಿಗೂ ರಮ್ಮಿಯ ವಾದ ಎಲ್ಲೇ ನಡೆದರೂ ಇದನ್ನು ಎತ್ತಿ ತೋರಿಸುತ್ತಾರೆ. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯಿದೆ ಜೂಜಿನ ಮನೆಗಳನ್ನೂ ಬೀದಿಯ ಜೂಜನ್ನೂ ಅಪರಾಧವೆನ್ನುತ್ತದೆ. ಮೊಬೈಲಿನಲ್ಲಿ ಹಣವೊಡ್ಡಿ ಆಡುವ ಆಟಗಳ ಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ನಿಷೇಧದ ಕಾಯಿದೆ ಮಾಡಿತು.

ತೀರ್ಪಿನೊಡನೆ ವಾದಿಸುವ ಯೋಗ್ಯತೆ ನನಗಿಲ್ಲ. ಎಲೆಗಳ ಮಟ್ಟಿಗೆ ಅದು ನಿಜ. ಹಂಚುವವನ ಕೈಯಿಂದ ಬಿದ್ದುದನ್ನು ಯಾವ ಜಾಣತನವೂ ತಿದ್ದಲಾರದು. ಆದರೆ ಮಾವನಿಗೆ ಆ ರಾತ್ರಿ ಅದೃಷ್ಟ ಕೈಕೊಟ್ಟಿತೆಂದು ಹೇಗೆ ಹೇಳಲಿ? ಅದು ಅವನ ಕಡೆಗೇ ಇತ್ತು. ಕುಶಲತೆಯೂ ಇತ್ತು. ಇಲ್ಲದ್ದು ಇನ್ನೊಂದು 256 ರೂಪಾಯಿ. ಅದೃಷ್ಟದ ಆಟ, ಕುಶಲತೆಯ ಆಟ ಎಂದು ಕಾನೂನು ಎರಡೇ ಪಂಗಡ ಮಾಡುತ್ತದೆ; ಚೀಲದ ಆಟವೆಂಬ ಮೂರನೆಯದೊಂದುಂಟು. ಪಣಕ್ಕೆ ಮೇಲೆರೆಯಿಲ್ಲದೆಡೆ ಉದ್ದ ಚೀಲದವನು ಎಲೆ ನೋಡುವ ಅಗತ್ಯವೇ ಇಲ್ಲ. ಗದುಗಿನ ವೀರನಾರಾಯಣನ ಸನ್ನಿಧಿಯ ಕುಮಾರವ್ಯಾಸನ ಸಭಾಪರ್ವವನ್ನು ನಮ್ಮ ಊರುಗಳಲ್ಲಿ ಓದಿಸಿ ಕೇಳುವಾಗ ಶಕುನಿಯ ದಾಳವನ್ನು ಎಲ್ಲರೂ ಬೈಯುತ್ತಾರೆ. ನನ್ನ ಗಮನ ಹೋಗುವುದು ಬೇರೆಡೆಗೆ. ಕರೆದಾಗ ಒಲ್ಲೆನೆನ್ನಲಾರದೆ ಕುಳಿತ ಧರ್ಮರಾಯನಿಗೆ ಸಾಕೆನ್ನುವುದೂ ಆಗಲಿಲ್ಲ. ಶಕುನಿ ಒಡ್ಡಿದ್ದು ತನ್ನ ಸೊತ್ತನ್ನಲ್ಲ, ದುರ್ಯೋಧನನ ಭಂಡಾರವನ್ನು.

ಹುಣಸೆಬೀಜ ಇಟ್ಟು ಆಡಿದರೆ ಈ ಆಟ ಈಗಲೂ ಸೊಗಸಾದುದೇ. ನನ್ನ ಮೊಮ್ಮಕ್ಕಳಿಗೆ ಕಲಿಸಿದ್ದೇನೆ. ಒಬ್ಬೊಬ್ಬರಿಗೆ ಐವತ್ತು ಬೀಜ, ಒಂದು ಸಲಕ್ಕೆ ಎಂಟಕ್ಕಿಂತ ಹೆಚ್ಚು ಕಟ್ಟುವಂತಿಲ್ಲ, ಬ್ಲೈಂಡ್ ಮೂರು ಸುತ್ತು ಮಾತ್ರ. ನಾಲ್ಕನೆಯದರಲ್ಲಿ ಎಲೆ ನೋಡಲೇಬೇಕು. ಹೀಗೆ ಮಾಡಿದರೆ ಬಡಾಯಿಯ ಸ್ವಾರಸ್ಯವೆಲ್ಲ ಉಳಿಯುತ್ತದೆ. ಐದು, ಮೂರು, ಎರಡರಂಥ ಕಡೆಗೈಯನ್ನು ಹಿಡಿದು ಗಂಭೀರವಾಗಿ ಚಾಲ್ ಹೊಡೆಯುವ ಹತ್ತು ವರ್ಷದ ಹುಡುಗಿಯ ಮುಖ ನೋಡುವಂತಿರುತ್ತದೆ. ಅವಳು ನನ್ನನ್ನು ಹಲವು ಸಲ ಎಬ್ಬಿಸಿದ್ದಾಳೆ.

ಆ ವರ್ಷ ಮಾವ ಪಕ್ಕದ ಹೊಲದವರ ಎತ್ತನ್ನು ಕೇಳಿ ತಂದು ಜೋಡಿಸಿಕೊಂಡು ಕಡಲೆ ಬಿತ್ತಿದ. ಬದಲಿಗೆ ಅವರ ಹೊಲದಲ್ಲಿ ತಾನೂ ತನ್ನ ಎತ್ತೂ ದುಡಿಯಬೇಕಾದುದರಿಂದ ಬಿತ್ತನೆ ಹಿಂದೆ ಬಿತ್ತು, ಹಸಿ ಆರಿತು, ಬೆಳೆ ಅರ್ಧಕ್ಕೆ ಬಂತು. ಎತ್ತು ಬಂದದ್ದು ಎರಡು ವರ್ಷದ ಮೇಲೆ. ಅತ್ತೆ ಆ ರಾತ್ರಿಯ ಮಾತನ್ನು ಎಂದೂ ಎತ್ತಲಿಲ್ಲ. ದೀಪಾವಳಿ ಬಂದಾಗ ಪಡಸಾಲೆಯ ಕಂಬಳಿಯನ್ನು ಮಾತ್ರ ಒಳಗೆ ಎತ್ತಿಡುತ್ತಿದ್ದಳು. ಮಾವನೂ ಮತ್ತೆ ಎಲೆ ಹಿಡಿಯಲಿಲ್ಲ.

ಬಹಳ ವರ್ಷಗಳ ಮೇಲೆ, ನಾನು ನೌಕರಿಯಲ್ಲಿದ್ದಾಗ, ರಜೆಗೆ ಊರಿಗೆ ಹೋಗಿದ್ದೆ. ಗುಡಿಯ ಕಟ್ಟೆಯ ಮೇಲೆ ಇಬ್ಬರೇ ಕುಳಿತಿದ್ದೆವು. ಯಾವ ಪೀಠಿಕೆಯೂ ಇಲ್ಲದೆ ಮಾವ ಕೇಳಿದ: “ಅವತ್ತ ನೀನs ಎಲಿ ಕೂಡಿಸಿದ್ಯಲ್ಲ ತಮ್ಮಾ, ಅವರ ಎಲಿ ಏನಿದ್ದವು?” ಗೆದ್ದವನ ಕೈಯನ್ನು ಶೋ ಇಲ್ಲದೆ ಯಾರೂ ನೋಡಬಾರದೆಂಬುದು ಅವನೇ ನನಗೆ ಕಲಿಸಿದ ಕಟ್ಟಳೆ. ವ್ಯಾಪಾರಸ್ಥರೂ ಅವನ್ನು ನೋಡಿರಲಿಲ್ಲ. ಹಣ ಬಳಿದುಕೊಂಡು ಎಲೆಗಳನ್ನು ಹಾಗೆಯೇ ನನ್ನತ್ತ ನೂಕಿದ್ದರು. ನಾನು ಕಟ್ಟಿಗೆ ಸೇರಿಸುವಾಗ ಮೂಲೆ ಎತ್ತಿ ನೋಡಿದ್ದೆ. ಕ್ಲಾವರ್ ರಾಣಿ, ಆಟೀನು ಆರು, ಇಸ್ಪೀಟು ಎರಡು.

“ನೋಡ್ಲಿಲ್ಲ ಮಾಮಾ” ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಛಲೋ ಮಾಡಿದಿ” ಎಂದ.